ಎರಡನೆಯ ಚುಚ್ಚುಮದ್ದು ಮರೆಯದಿರೋಣ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಆದರೂ ಇಂದು ದಡಾರದ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ಇಲ್ಲಿ ಓದಿದ ನಾವು ಅನೇಕರು ಈಗ ಊರು ಬಿಟ್ಟು ಬೆಂಗಳೂರು ಸೇರಿದ್ದೇವೆ. ನಮ್ಮ ಮನೆಗಳಲ್ಲಿ ಪುಟ್ಟ ಮಕ್ಕಳಿದ್ದಾರೆ.

'ಅಮ್ಮ ಬಂದಿದೆ' ಎಂದು ಬೇವಿನ ಸೊಪ್ಪು ಕಟ್ಟಿ, ಮಗುವನ್ನು ಬೇರೆ ಮಲಗಿಸುತ್ತಿದ್ದ ನಮ್ಮ ಹಿರಿಯರ ಪದ್ಧತಿಯಲ್ಲಿ ವಿವೇಕವಿತ್ತು. ಆದರೆ ದಡಾರಕ್ಕೆ ಅಷ್ಟು ಸಾಲದು. ಮೈಮೇಲೆ ಕೆಂಪು ದದ್ದು ಕಾಣುವ 4 ದಿನ ಮೊದಲೇ ಅದು ಹರಡತೊಡಗಿರುತ್ತದೆ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲೂ ವೈರಸ್ 2 ಗಂಟೆಯವರೆಗೆ ಉಳಿಯಬಲ್ಲದು. ನ್ಯುಮೋನಿಯಾ, ಭೇದಿ, ಮೆದುಳಿನ ಊತ, ಕುರುಡುತನ, ಕೊನೆಗೆ ಸಾವು ಕೂಡ ಇದರಿಂದ ಬರಬಹುದು.

ಇದಕ್ಕೆ ದಡಾರ-ರುಬೆಲ್ಲಾ ಲಸಿಕೆ ಇದೆ. 9 ತಿಂಗಳು ತುಂಬಿದಾಗ ಮೊದಲನೆಯದು, 16ರಿಂದ 24 ತಿಂಗಳೊಳಗೆ ಎರಡನೆಯದು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

'ಒಂದು ಹಾಕಿಸಿದ್ದೇವಲ್ಲ, ಇನ್ನೊಂದು ಯಾಕೆ?' ಎನ್ನುವವರಿದ್ದಾರೆ. ಲೆಕ್ಕ ನೋಡಿ. 9 ತಿಂಗಳಿಗೆ ಲಸಿಕೆ ಪಡೆದ 100 ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ಸಿಗುತ್ತದೆ. ಕೆಲವು ಮಕ್ಕಳ ಮೈಯಲ್ಲಿ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇನ್ನೂ ಉಳಿದಿದ್ದು, ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲ. ಉಳಿದ ಆ 15 ಮಕ್ಕಳು ಯಾರೆಂದು ಮುಖ ನೋಡಿ ಹೇಳಲಾಗದು. ಅದಕ್ಕೇ ಎರಡನೆಯದು ಎಲ್ಲರಿಗೂ ಬೇಕು. 100ಕ್ಕೆ 95 ಜನರಿಗೆ ರಕ್ಷಣೆಯಿದ್ದರೆ ರೋಗ ಹರಡಲು ದಾರಿಯೇ ಇರುವುದಿಲ್ಲ. ಆಗ ಇನ್ನೂ 9 ತಿಂಗಳಾಗದ ಹಸುಗೂಸುಗಳೂ ಉಳಿಯುತ್ತವೆ.

ಈ ಎರಡನೆಯದು ತಪ್ಪುವುದು ಎಲ್ಲಿ? ಮಗಳು ಹೆರಿಗೆಗೆ ತವರಿಗೆ ಬರುತ್ತಾಳೆ. ಬಾಣಂತನ ಮುಗಿಸಿ, ಮಗುವಿನ ಮೊದಲ ಲಸಿಕೆಗಳನ್ನು ಇಲ್ಲೇ ಹಾಕಿಸಿ ಬೆಂಗಳೂರಿಗೆ ಹೊರಡುತ್ತಾಳೆ. ತಾಯಿ ಕಾರ್ಡು ತವರಿನ ಬೀರುವಿನಲ್ಲೇ ಉಳಿಯುತ್ತದೆ. ಇಲ್ಲಿನ ಆಶಾ ಕಾರ್ಯಕರ್ತೆಗೆ ಮಗು ಊರಲ್ಲಿಲ್ಲ. ಅಲ್ಲಿನವರಿಗೆ ಮಗು ಬಂದದ್ದೇ ಗೊತ್ತಿಲ್ಲ. ಕೂಲಿಗೆ ಹೋಗುವವರ ಮನೆಯಲ್ಲೂ ಹೀಗೆಯೇ, ಐ.ಟಿ. ಕೆಲಸದವರ ಮನೆಯಲ್ಲೂ ಹೀಗೆಯೇ.

ಆದ್ದರಿಂದ ಅಜ್ಜ ಅಜ್ಜಿಯರಲ್ಲಿ ನನ್ನ ವಿನಂತಿ ಇಷ್ಟೇ. ಮೊಮ್ಮಗುವಿನ ಬಟ್ಟೆಯ ಜೊತೆ ಕಾರ್ಡನ್ನೂ ಕಟ್ಟಿಕೊಡಿ. ಮಗುವಿಗೆ ಒಂದೂವರೆ ವರ್ಷವಾದಾಗ ಫೋನ್ ಮಾಡಿ, 'ಎರಡನೇದು ಹಾಕಿಸಿದ್ರಾ?' ಎಂದು ಕೇಳಿ. ಗೆಳೆಯರೇ, ನೀವು ಇಂದು ಮನೆಗೆ ಹೋದ ಕೂಡಲೇ ಕಾರ್ಡು ತೆರೆದು ನೋಡಿ. ತಪ್ಪಿದ್ದರೆ 5 ವರ್ಷದೊಳಗೆ ಹತ್ತಿರದ ಯಾವುದೇ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹಾಕಿಸಬಹುದು.