ಒಳಗಿನ ಹಲಗೆ
(ಬಡಗಿಗಳ ಸ್ವಸಹಾಯ ಸಂಘದ ಸಭೆಯಲ್ಲಿ ಆಡಿದ ಮಾತು)



ಮೇ 1ಕ್ಕೆ ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು 1955ರಲ್ಲಿ ನೇಮಿಸಿದವರು ಪೋಪ್ 12ನೇ ಪಿಯುಸ್. ಬಡಗಿಗಳಾದ ನಮಗೆ ಇದು ಮನೆ ಹಬ್ಬ. ಇವತ್ತು ನಮ್ಮದೇ ಒಂದು ತಪ್ಪು ಹೇಳ್ತೇವೆ.

ಒಂದು ಅಡುಗೆಮನೆಯ ಕಪಾಟಿಗೆ, ಸಿಂಕಿನ ಕೆಳಗೂ ಅಗ್ಗದ ಪ್ಲೈವುಡ್ ಹಾಕಿದೆವು. ಲ್ಯಾಮಿನೇಟ್ ಅಂಟಿಸಿದ ಮೇಲೆ ಯಾರಿಗೆ ಗೊತ್ತಾಗ್ತದೆ ಅಂತ. ಒಂದೇ ಮಳೆಗಾಲಕ್ಕೆ ಉಬ್ಬಿ ಪದರ ಬಿಟ್ಟಿತು. ಸಾಲ ಮಾಡಿ ಮಾಡಿಸಿದ್ದ ಆ ಅಮ್ಮ ಬೈಯಲಿಲ್ಲ. "ನಿಮ್ಮನ್ನು ನಂಬಿದ್ದೆವಲ್ಲಾ" ಅಂದರು, ಅಷ್ಟೇ. ನಮ್ಮ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆವು.

ಅಂದಿನಿಂದ ನೀರು ತಾಗುವಲ್ಲಿ ಐಎಸ್ 710 ಗುರುತಿನ ಪ್ಲೈವುಡ್ಡೇ. ಕತ್ತರಿಸಿದ ಅಂಚಿಗೆಲ್ಲ ಪಟ್ಟಿ. ಗೋಡೆ ನೇರ ಇರುವುದು ಅಪರೂಪ. ಆದ್ದರಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳತೆ. ಹಾಕಿದ ಹಲಗೆ ಯಾವುದೆಂದು ಬಿಲ್ಲಿನಲ್ಲೇ ಬರೆದುಕೊಡ್ತೇವೆ.

ಒಳಗಿನ ಹಲಗೆಯನ್ನು ಮನೆಯವರು ನೋಡುವುದಿಲ್ಲ, ದೇವರು ನೋಡ್ತಾರೆ. ಸಂತ ಜೋಸೆಫರು ನಮಗಾಗಿ ಪ್ರಾರ್ಥಿಸಲಿ.