ಪುಕ್ಕಟೆ ಬಂದದ್ದೆಲ್ಲ ಗೊಬ್ಬರವಲ್ಲ

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)

ನಾನು ಭಾಷಣಗಾರನಲ್ಲ, ನಿಮ್ಮ ಹಾಗೇ ಒಬ್ಬ ರೈತ. ಸಂಘದ ಕಾಂಪೋಸ್ಟ್ ಗುಂಡಿಯ ವಿಚಾರವಾಗಿ ನಾಲ್ಕು ಮಾತು ಹೇಳಿ ಕೂತುಕೊಳ್ತೇನೆ.

ನಮ್ಮ ಸುತ್ತ ತೆಂಗಿನ ನಾರಿನ ಫ್ಯಾಕ್ಟರಿ, ಸಾಮಿಲ್, ಅಕ್ಕಿ ಗಿರಣಿ ಎಲ್ಲಾ ಇವೆ. ನಾರಿನ ಪುಡಿ, ಮರದ ಪುಡಿ, ಭತ್ತದ ಹೊಟ್ಟು ಅವರಿಗೆ ಕಸ. "ಪುಕ್ಕಟೆ ಕೊಡ್ತಾರೆ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟರಾಯ್ತು, ಬೇಡ ಅನ್ನೋದ್ಯಾಕೆ?" ಅಂತ ಬಹಳ ಸದಸ್ಯರು ಕೇಳ್ತಾರೆ. ನಾನೂ ಹಿಂದೆ ಹೀಗೇ ಅಂದವನು. ಎರಡು ಲೋಡು ಹಸಿ ಮರದ ಪುಡಿ ತಂದು ನೇರವಾಗಿ ಹೊಲಕ್ಕೆ ಹರಡಿದೆ. ಆ ವರ್ಷ ರಾಗಿ ಪೈರು ಹಳದಿ ತಿರುಗಿ ಮೊಣಕಾಲುದ್ದವೂ ಬರಲಿಲ್ಲ. ಪಕ್ಕದ ತಾಕು ಹಸಿರಾಗಿತ್ತು. ತಪ್ಪು ನನ್ನದೇ.

ಕಾರಣ ಆಮೇಲೆ ತಿಳೀತು. ಮರದ ಪುಡಿಯಲ್ಲಿ ಇಂಗಾಲ ಬಹಳ, ಸಾರಜನಕ ತೀರಾ ಕಡಿಮೆ. ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ. ನಾರಿನ ಪುಡಿಯಲ್ಲೂ ಸುಮಾರು ನೂರು ಪಾಲು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ತವೆ. ಪೈರಿಗೆ ಉಪವಾಸ. ಅದಕ್ಕೇ ಸಗಣಿ, ಗಂಜಲ, ಹೊಂಗೆ ಸೊಪ್ಪು ಬೆರೆಸಿ, ತೇವ ಕಾಪಾಡಿ, ಮಗುಚಿ ಹಾಕಿ ಚೆನ್ನಾಗಿ ಕಳಿಯಬೇಕು.

ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಪ್ಲೈವುಡ್ ಪುಡಿಯಲ್ಲಿ ಅಂಟು ಇರ್ತದೆ. ಬಣ್ಣ ಬಳಿದ ಹಳೇ ಮರದಲ್ಲಿ ಸೀಸ ಇರಬಹುದು. ಗೆದ್ದಲು ಹಿಡಿಯದ ಹಾಗೆ ಔಷಧಿ ಉಣಿಸಿದ ಮರದಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಅಂದರೆ ಪಾಷಾಣ ಇರಬಹುದು. ಈ ಲೋಹಗಳು ಎಷ್ಟು ದಿನ ಕೊಳೆಸಿದರೂ ಹೋಗೋದಿಲ್ಲ. ಒಮ್ಮೆ ಹೊಲ ಸೇರಿದರೆ ಮಕ್ಕಳ ಕಾಲಕ್ಕೂ ಅಲ್ಲೇ.

ಮಾರುವ ಗೊಬ್ಬರಕ್ಕೆ ಕಾನೂನೂ ಇದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2006ರಲ್ಲಿ ಸಾವಯವ ಗೊಬ್ಬರವನ್ನೂ ಸೇರಿಸಿದರು. ನಗರ ಕಾಂಪೋಸ್ಟ್‌ಗೆ ಇಟ್ಟ ಮಿತಿ ನೋಡಿ: ಒಂದು ಕಿಲೋದಲ್ಲಿ ಆರ್ಸೆನಿಕ್ 10 ಮಿಲಿಗ್ರಾಂ, ಕ್ರೋಮಿಯಂ 50, ಸೀಸ 100 ಮಿಲಿಗ್ರಾಂ ಮೀರಬಾರದು. ಸಂಘದ ಹೆಸರಿನ ಚೀಲ ಹೊರಗೆ ಹೋಗಬೇಕಾದರೆ ಮೊದಲು ಪ್ರಯೋಗಾಲಯದ ವರದಿ ಕೈಯಲ್ಲಿರಬೇಕು.

ಸ್ವಂತ ಬಳಕೆಗೂ ನಾವೇ ಕಟ್ಟುನಿಟ್ಟು ಮಾಡಿಕೊಳ್ಳೋಣ. ನನ್ನ ಸಲಹೆ ಇಷ್ಟು:

1. ಬಂದ ಪ್ರತಿ ಲೋಡು ಎಲ್ಲಿಂದ, ಏನು ಅಂತ ಪುಸ್ತಕದಲ್ಲಿ ಬರೆಯಬೇಕು.

2. ಪ್ಲೈವುಡ್, ಬಣ್ಣದ ಮರ, ಔಷಧಿ ಹಾಕಿದ ಮರ, ಉಪ್ಪಿನಕಾಯಿ ಘಟಕದ ಉಪ್ಪು-ಎಣ್ಣೆ ಕಸ ಬಾಗಿಲಿಂದಲೇ ವಾಪಸ್. ಯಾರ ನೆಂಟರು ತಂದರೂ ಅಷ್ಟೇ.

3. ಗುಂಡಿ ಬಾವಿಯಿಂದ ದೂರವಿರಲಿ, ಅದರ ರಸ ಹಳ್ಳಕ್ಕೆ ಹರಿಯದಿರಲಿ.

4. ಬಿಸಿ ಆರದ, ದುರ್ವಾಸನೆ ಹೋಗದ ಗೊಬ್ಬರ ಹಂಚಬಾರದು. ಅದರಲ್ಲಿ ಒಂದು ಹಿಡಿ ಹೆಸರುಕಾಳು ಹಾಕಿ ನೋಡಿ. ಸರಿಯಾಗಿ ಮೊಳೆಯದಿದ್ದರೆ ಇನ್ನೂ ಕಾಯಿರಿ.

ಇದರಿಂದ ಒಂದಿಬ್ಬರಿಗೆ ಬೇಸರವಾದೀತು. ಸಾಲ ವಸೂಲಿಗೆ ನಿಯಮ ಇಟ್ಟಾಗಲೂ ಬೇಸರವಾಗಿತ್ತು. ಆ ನಿಯಮದಿಂದಲೇ ಸಂಘ ಇಪ್ಪತ್ತೈದು ವರ್ಷ ಉಳಿದಿದೆ. ಸಾಲವನ್ನು ಕಂತಿನಲ್ಲಿ ತೀರಿಸಬಹುದು, ಕೆಟ್ಟ ಮಣ್ಣನ್ನು ತೀರಿಸೋದಕ್ಕೆ ಯಾವ ಕಂತೂ ಇಲ್ಲ. ಬರುವ ಮಹಾಸಭೆಯಲ್ಲಿ ಇದನ್ನು ಠರಾವು ಮಾಡಬೇಕೆಂದು ವಿನಂತಿಸಿ, ನನ್ನ ಎರಡು ಮಾತು ಮುಗಿಸುತ್ತೇನೆ.