ಹಲಗಿ ಯಾರ ರಕ್ತದಾಗ ಅದ?



ಸಂಘದ ವಾರ್ಷಿಕೋತ್ಸವದಲ್ಲಿ ಮಾತಾಡಿದ್ದನ್ನು ಸಂಚಿಕೆಗೆ ಬರೆದು ಕೊಡು ಅಂತ ಅಣ್ಣಂದಿರು ಹೇಳಿದರು. ಅವತ್ತು ಮೈಕು ನಡುವೆ ಎರಡು ಸಲ ಬಂದ್ ಬಿತ್ತು. ಹಿಂದೆ ಕೂತ ಅವ್ವ-ಅಕ್ಕಂದಿರಿಗೆ ಅರ್ಧ ಕೇಳಿಸಲೇ ಇಲ್ಲ. ಅದಕ್ಕೆ ಈಗ ಪೂರ್ತಿ ಬರೀತಿದ್ದೀನಿ. ಒಂದೆರಡು ಮಾತು ಅವತ್ತು ಮರೆತಿದ್ದೆ, ಅವನ್ನೂ ಸೇರಿಸಿದ್ದೀನಿ.

ನನಗೆ ಕೊಟ್ಟ ವಿಷಯ ಇದು: ಸಾಲಿಯಲ್ಲಿ ಪಾಠ ಬಿಟ್ಟು ಆಟ, ಹಾಡು, ಭಾಷಣ, ಚಿತ್ರಕಲೆ, ಲೇಝಿಮ್ ಅಂತ ಇರ್ತಾವಲ್ಲ, ಅವುಗಳಲ್ಲಿ ನಮ್ಮ ಮಕ್ಕಳು ಯಾವುದಕ್ಕೆ ಸೇರಬೇಕು? ಹುಟ್ಟಿನಿಂದ ಬಂದ ಗುಣ ನೋಡಿ ಸೇರಿಸಬೇಕೋ, ಕಲಿಸಿದರೆ ಬರ್ತದ ಅಂತ ಸೇರಿಸಬೇಕೋ? ಕೇಳಲಿಕ್ಕೆ ಸಣ್ಣ ಪ್ರಶ್ನೆ. ಆದರೆ ನಮ್ಮ ಓಣಿಯಲ್ಲಿ ನಿಂತು ಕೇಳಿದರೆ ಸಣ್ಣದಲ್ಲ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ಗ್ಯಾದರಿಂಗ್‌ಗೆ ಹೆಸರು ಬರೆದುಕೊಳ್ಳುತ್ತಿದ್ದರು. ನಾನು ಕೈ ಎತ್ತಿ ವಕ್ತೃತ್ವ ಸ್ಪರ್ಧೆ ಅಂದೆ. ಹೆಸರು ಬರೆದುಕೊಳ್ಳುತ್ತಿದ್ದ ಸರ್ ನಕ್ಕರು. ಸಿಟ್ಟಿನಿಂದ ಅಲ್ಲ, ಪ್ರೀತಿಯಿಂದಲೇ ಅಂದರು: "ಅದು ನಿನಗ ಆಗಂಗಿಲ್ಲ, ನಿನ್ನ ನಾಲಿಗಿ ಕನ್ನಡದ್ದು. ನೀ ಲೇಝಿಮ್ ಮುಂದ ಹಲಗಿ ಹೊಡಿ. ಅದು ನಿಮ್ಮ ರಕ್ತದಾಗೇ ಅದ."

ನಾನು ಅಲ್ಲಿತನಕ ಹಲಗಿ ಮುಟ್ಟಿದವನೇ ಅಲ್ಲ. ಅಪ್ಪ ಬೇಕಂತಲೇ ಮುಟ್ಟಗೊಟ್ಟಿರಲಿಲ್ಲ. ಮರುದಿನ ಕೊರಳಿಗೆ ಹಾಕಿ ಹೊಡಿ ಅಂದರು, ಹೊಡೆದೆ. ಲೇಝಿಮ್ ಹಿಡಿದ ನಲವತ್ತು ಹುಡುಗರ ಹೆಜ್ಜೆ ಒಂದು ಕಡೆ, ನನ್ನ ತಾಳ ಒಂದು ಕಡೆ. ಎಲ್ಲರೂ ನಕ್ಕರು. ಈ ಜಾತಿಯವನಾಗಿ ಹಲಗಿನೂ ಬರಲ್ಲವಲ್ಲ ಅಂತ ಒಬ್ಬ ಅಂದ. ನೋಡಿರಿ, ಹೆಂಗಿದೆ ನ್ಯಾಯ! ಬಯಸಿದ್ದು ಕೊಡಲಿಲ್ಲ, ಕೊಟ್ಟದ್ದು ಬರಲಿಲ್ಲ ಅಂತ ಅವಮಾನ ಬೇರೆ.

ಮನೆಗೆ ಬಂದು ಕಾಕಾಗೆ ಹೇಳಿದೆ. ನಮ್ಮ ಕಾಕಾ ಹಲಗಿ ಹಿಡಿದರೆ ಕುಂತವರು ಎದ್ದು ನಿಲ್ತಾರ, ನಿಮಗೆಲ್ಲ ಗೊತ್ತು. ಭಾಷಣ ಕೊಡಲಿಲ್ಲ ಅಂದದ್ದಕ್ಕೆ ಸಿಟ್ಟಾಗ್ತಾರ ಅಂದುಕೊಂಡೆ. ಅವರು ಸಿಟ್ಟಾದದ್ದು ಇನ್ನೊಂದಕ್ಕೆ. "ರಕ್ತದಾಗ ಅದ ಅಂದನಾ? ಆರು ವರ್ಷದವ ಇದ್ದಾಗಿಂದ ಮುತ್ಯಾನ ಹಿಂದ ಹಿಂದ ತಿರುಗೀನಿ. ಬೆಂಕಿಗಿ ಎಷ್ಟು ಕಾಸಬೇಕು, ಯಾವಾಗ ತೆಗೀಬೇಕು ಅನ್ನೋದೇ ಎರಡು ವರ್ಷ. ತಪ್ಪಿದರ ಮುತ್ಯಾ ಅದೇ ಕೋಲಿಲೆ ಬೆರಳಿಗಿ ಹೊಡೀತಿದ್ದ. ಹಲಗಿಯಿಂದ ರಕ್ತ ಬಂದದ ತಮ್ಮಾ, ರಕ್ತದಿಂದ ಹಲಗಿ ಬಂದಿಲ್ಲ."

ಆ ಮಾತು ಪೂರ್ತಿ ತಿಳಿಯಲಿಕ್ಕೆ ನನಗೆ ಬಿಎ ತನಕ ಬರಬೇಕಾಯಿತು. 'ರಕ್ತದಾಗ ಅದ' ಅನ್ನುವ ಒಂದೇ ಮಾತು ನಮ್ಮ ಮನೆಯ ಇಬ್ಬರನ್ನು ದೋಚಿತ್ತು. ನನ್ನ ಕೈಯಿಂದ ಮೈಕು ಕಸಿದುಕೊಂಡಿತು. ಕಾಕಾನ ನಲವತ್ತು ವರ್ಷದ ದುಡಿಮೆಯನ್ನು ಪುಕ್ಕಟೆ ಸಿಕ್ಕದ್ದು ಅಂತ ಮಾಡಿತು. ಹಾಡುಗಾರರ ಮನೆಯಲ್ಲಿ ಮಗ ಬೆಳಗಾಮುಂಜಾನೆ ಕೂತು ಕಲಿತರೆ ಅದಕ್ಕೆ ಸಾಧನೆ ಅಂತಾರ. ನಮ್ಮವರು ಕಲಿತರೆ ಹುಟ್ಟುಗುಣ ಅಂತಾರ. ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಬರ್ತದ ಅನ್ನೋದು ಜಾತಿಯ ಮೊದಲ ಪಾಠ ಅಲ್ಲವೇ? ಅದನ್ನೇ ಸಾಲಿಯ ಗ್ಯಾದರಿಂಗ್‌ನಲ್ಲಿ ಇನ್ನೊಮ್ಮೆ ಓದಿಸ್ತಾರ.

ಪಲವಣಕರ ಬಾಳೂ ಅವರ ಹೆಸರು ಕೇಳಿದ್ದೀರಾ? ನಮ್ಮ ಹುಡುಗರು ಕ್ರಿಕೆಟ್ ಅಂದರೆ ಜೀವ ಬಿಡ್ತಾರ, ಈ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. 1870ರ ದಶಕದಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಮನೆತನ. ಪುಣೆಯಲ್ಲಿ ಕ್ರಿಕೆಟ್ ಕ್ಲಬ್‌ನ ಮೈದಾನ ಗುಡಿಸುವ, ರೋಲರ್ ಎಳೆಯುವ ಕೆಲಸ. ತಿಂಗಳಿಗೆ ಮೂರು ರೂಪಾಯಿ, ಆಮೇಲೆ ಇನ್ನೊಂದು ಕ್ಲಬ್‌ನಲ್ಲಿ ನಾಲ್ಕು ರೂಪಾಯಿ. ಅಲ್ಲಿ ಗ್ರೇಗ್ ಎಂಬ ಬ್ರಿಟಿಷ್ ಆಟಗಾರನಿಗೆ ಪ್ರಾಕ್ಟೀಸ್ ಬೇಕಿತ್ತು, ದಿನಾ ಗಂಟೆಗಟ್ಟಲೆ ಬಾಳೂ ಕೈಯಿಂದ ಬಾಲ್ ಹಾಕಿಸಿಕೊಂಡ. ಹಂಗೆ ಹಾಕಿ ಹಾಕಿ ಪಳಗಿದ ಎಡಗೈ 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆಯಿತು. ಅದೇ ಬಾಳೂಗೆ ಆ ಕ್ಲಬ್ಬಿನ ನೆಟ್ಸ್‌ನಲ್ಲಿ ಬ್ಯಾಟ್ ಹಿಡಿಯಲು ಕೊಡಲಿಲ್ಲ. ಬ್ಯಾಟಿಂಗ್ ದೊಡ್ಡವರದ್ದು, ಬೆವರು ಸುರಿಸಿ ಬಾಲ್ ಹಾಕೋದು ಇವರದ್ದು. ಚಹಾ ಕೂಡ ಹೊರಗೆ, ಮಣ್ಣಿನ ಕುಡಿಕೆಯಲ್ಲಿ.

ಈಗ ಯಾರಾದರೂ ಬಾಳೂಗೆ ಬೌಲಿಂಗ್ ಹುಟ್ಟಿನಿಂದ ಬಂದಿತ್ತು, ಬ್ಯಾಟಿಂಗ್ ಬಂದಿರಲಿಲ್ಲ ಅಂದರೆ ಏನನ್ನಬೇಕು? ಬಾಲ್ ಸಿಕ್ಕಿತು, ಬ್ಯಾಟ್ ಸಿಗಲಿಲ್ಲ, ಇಷ್ಟೇ ಲೆಕ್ಕ. (ಇದೇ ಬಾಳೂ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರು ನಿಂತು ಸೋತವರು. ಅದು ನನಗೂ ಬೇಜಾರಿನ ಸಂಗತಿ. ಆದರೂ ಅವರ ಬೌಲಿಂಗ್ ಸುಳ್ಳಾಗಲ್ಲ.)

ಬಾಬಾಸಾಹೇಬರದ್ದೂ ನೆನಪು ಮಾಡಿಕೊಳ್ಳಿರಿ. ಹೈಸ್ಕೂಲಿನಲ್ಲಿ ಸಂಸ್ಕೃತ ಓದಬೇಕೆಂದಿದ್ದರು, ಕೊಡಲಿಲ್ಲ, ಪಾರ್ಸಿ ತೆಗೆದುಕೊಳ್ಳಬೇಕಾಯಿತು. ಮುಂದೆ ತಾವೇ ಸಂಸ್ಕೃತ ಕಲಿತರು. ದೊಡ್ಡವರಾದ ಮೇಲೆ ಪಿಟೀಲು ಕೂಡ ಕಲಿಯಲಿಕ್ಕೆ ಹೋದರು. ಅದು ಯಾರ ರಕ್ತದಾಗ ಇತ್ತು?

ಇನ್ನು ನಮ್ಮ ನಾಲಿಗೆಯ ಮಾತು. ಉದಗೀರ, ನಿಲಂಗಾ, ಅಹಮದಪುರ ತಾಲೂಕು 1956ರ ತನಕ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲೇ ಇದ್ದವು. ಗೆರೆ ಎಳೆದರು, ನಾವು ಈ ಕಡೆ ಬಂದೆವು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ. ಭಾಷಣದ ಸ್ಪರ್ಧೆಯಲ್ಲಿ ನಮ್ಮ ಮಕ್ಕಳು ತಡವರಿಸಿದರೆ ಪ್ರತಿಭೆ ಇಲ್ಲ ಅಂತಾರ. ನನಗೆ ಮರಾಠಿ ತಿರುಗಿದ್ದು ಹೆಂಗೆ ಅಂದರೆ, ಮುತ್ಯಾಗೆ ಕಣ್ಣು ಕಾಣಿಸದಂತಾದಾಗ ದಿನಾ ಮರಾಠಿ ಪೇಪರ್ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಮುತ್ಯಾಗೆ ಕಿವಿಯೂ ಸ್ವಲ್ಪ ಮಂದ, ಅದಕ್ಕೇ ದನಿನೂ ಬೆಳೀತು! ಮೂರು ವರ್ಷ ಓದಿದೆ. ಕಾಲೇಜಿನಲ್ಲಿ ಭಾಷಣಕ್ಕೆ ಬಹುಮಾನ ಬಂದಾಗ ಒಬ್ಬರು ಬೆನ್ನು ತಟ್ಟಿ, ಮಾತುಗಾರಿಕೆ ನಿನಗೆ ಹುಟ್ಟಿನಿಂದಲೇ ಬಂದದ ಅಂದರು. ನಾನು ಸುಮ್ಮನೆ ನಕ್ಕೆ.

ಹುಟ್ಟುಗುಣ ಇಲ್ಲವೇ ಇಲ್ಲ ಅಂತ ನಾನು ವಾದ ಮಾಡಲ್ಲ. ನನ್ನ ತಂಗಿಯ ಕಾಲು ಉದ್ದ, ದಮ್ಮು ಗಟ್ಟಿ, ಓಡಿದರೆ ನಾನು ಹಿಂದೆ ಬೀಳ್ತೀನಿ. ಆದರೆ 1993ರಲ್ಲಿ ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ಎಲ್ಲರಿಗಿಂತ ಚೆನ್ನಾಗಿ ನುಡಿಸುವವರು 20 ವರ್ಷ ತುಂಬುವುದರೊಳಗೆ ಸರಾಸರಿ 10,000 ಗಂಟೆ ಅಭ್ಯಾಸ ಮಾಡಿದ್ದರು. ಅಷ್ಟು ಗಂಟೆ ಅಂದರೆ ದಿನಕ್ಕೆ ಸುಮಾರು ಮೂರು ಗಂಟೆಯಂತೆ ಹತ್ತು ವರ್ಷ. ನಾನು ಈ ಲೆಕ್ಕ ಮನೆಯಲ್ಲಿ ಹೇಳಿದೆ. ತಂಗಿ ಕೊಡ ಕೆಳಗೆ ಇಟ್ಟು, "ಅಣ್ಣಾ, ನೀರಿಗಿ ನಿಲ್ಲೋ ಗಂಟಿನೂ ಇದರಾಗ ಸೇರಿಸ್ತಾರೇನು?" ಅಂದಳು. ಉತ್ತರ ಬರಲಿಲ್ಲ ನನಗೆ. ಅವಳು ಸಾಲಿ ಬಿಟ್ಟ ಮೇಲೆ ಮೈದಾನದಲ್ಲಿ ನಿಲ್ಲದೆ ಮನೆಗೆ ಓಡಿ ಬರುವುದು ನೀರು ಬಿಡುವ ಹೊತ್ತಿಗೆ. ಅವಳ ಹುಟ್ಟುಗುಣ ಅಲ್ಲೇ ನಳದ ಮುಂದೆ ಸಾಲಿನಲ್ಲಿ ನಿಂತಿದೆ. ಅದಕ್ಕೆ ಸಾಲಿಯವರು ಮಾತ್ರ ಕಾರಣ ಅಲ್ಲ, ಅಪ್ಪನೂ ಕಾರಣ, ನಾನೂ ಕಾರಣ. ಈಗ ಸಂಜೆ ನೀರು ನಾನು ತರ್ತೀನಿ. ಎರಡು ತಿಂಗಳಾಯಿತು, ಓಣಿಯ ಗೆಳೆಯರು ನಗ್ತಾರ, ನಗಲಿ.

ನಿಮಗೆ ನಾನು ಕೇಳೋದು ಇಷ್ಟು. ಮಗುವಿಗೆ ಯಾವುದಕ್ಕೆ ಹೆಸರು ಬರೆಸಬೇಕು ಅಂದಾಗ, ಯಾರೂ ಹೇಳದಿದ್ದರೂ ಅದು ಯಾವುದಕ್ಕೆ ತಿರುತಿರುಗಿ ಹೋಗ್ತದ ನೋಡಿರಿ. ಆಮೇಲೆ ಒಂದೆರಡು ವರ್ಷ ತಡೀರಿ. ಮೊದಲನೇ ಸಲ ಸೋತು ಬಂದರೆ 'ನಮಗೆಲ್ಲಿಂದ ಬರಬೇಕು' ಅನ್ನಬ್ಯಾಡ್ರಿ. ಆ ಮಾತು ಸಾಲಿಯಲ್ಲಿ ಬೇಕಾದಷ್ಟು ಸಿಗ್ತದ, ಮನೆಯಲ್ಲಿ ಬ್ಯಾಡ. ಲೇಝಿಮ್‌ಗೆ ಸೇರುವ ಮಗು ಸೇರಲಿ, ಅದು ಕೀಳಲ್ಲ. ಆದರೆ ತಾನು ಆರಿಸಿಕೊಂಡು ಸೇರಲಿ.

ಈ ಸಲ ಸಂಘದಿಂದ ಸಮಾಜ ಮಂದಿರದಲ್ಲಿ ಒಂದು ವಹಿ ಇಟ್ಟಿದ್ದೀವಿ. ಬುಧವಾರ, ಶುಕ್ರವಾರ ಸಂಜೆ ಮರಾಠಿ, ಕನ್ನಡ ಎರಡೂ ಪೇಪರ್ ಗಟ್ಟಿಯಾಗಿ ಓದೋದು, ಭಾಷಣದ ಅಭ್ಯಾಸ, ನಾನಿರ್ತೀನಿ. ಓಡುವವರಿಗೆ ಮುಂಜಾನೆ, ನೀರು ಬಿಡದ ಹೊತ್ತು ನೋಡಿ ಇಟ್ಟಿದ್ದೀವಿ. ರವಿವಾರ ಕಾಕಾ ಇರ್ತಾರ. ಯಾವ ಓಣಿಯ, ಯಾವ ಜಾತಿಯ ಮಗು ಬಂದರೂ ಹಲಗಿ ಕಲಿಸ್ತೀನಿ ಅಂದಾರ. ಬೆರಳಿಗೆ ಪಟ್ಟಿ ಕಟ್ಟಲಿಕ್ಕೆ ಹಳೇ ಅರಿವಿ ಮಾತ್ರ ಮನೆಯಿಂದ ತರ್ರಿ ಅಂತ ಹೇಳಿ ಕಳಿಸಿದ್ದಾರ.